ನೇರ ರಸ್ತೆಯ ಹಾಡುಗಳು

ಊಟಿಯಿಂದ ಬೆಳಿಗ್ಗೆ ಹೊರಟ ಸಣ್ಣ ಬಸ್ಸು ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನು ಇಳಿದು ಮಸಿನಗುಡಿಯಲ್ಲಿ ನಿಂತಾಗ ಕಿಟಕಿಯಿಂದ ಬ್ರೇಕ್ ಲೈನರ್ ಸುಟ್ಟ ವಾಸನೆ ಒಳಗೆ ಬಂತು. ಒಲೆಯ ಮೇಲೆ ಮರೆತ ಬರಿಯ ಪಾತ್ರೆಯ ವಾಸನೆಗೆ ಹತ್ತಿರದ್ದು, ಆದರೆ ಇನ್ನೂ ಕಹಿ. ರಸ್ತೆಯ ಬದಿಯಲ್ಲಿ ಒಂದು ಕಾರು ನಿಂತಿತ್ತು. ಮುಂದಿನ ಎರಡು ಚಕ್ರಗಳಿಂದಲೂ ಹೊಗೆ. ಅದರ ಯಜಮಾನ ಕುಡಿಯುವ ನೀರಿನ ಬಾಟಲಿಯನ್ನು ಚಕ್ರದ ಮೇಲೆ ಸುರಿಯಲು ಬಗ್ಗಿದ್ದ. "ನೀರು ನೀವು ಕುಡೀರಿ ಸಾರ್, ಚಕ್ರಕ್ಕೆ ಗಾಳಿ ಸಾಕು" ಎಂದು ಚಹಾದಂಗಡಿಯವನು ಕೂಗಿದ. ಬಸ್ಸಿನಲ್ಲಿದ್ದವರು ನಕ್ಕರು.

ಈ ವಾಸನೆ ಮೂಗಿಗೆ ತಗುಲಿದ ಕೂಡಲೇ ನನಗೆ ಏಳು ವರ್ಷದ ಹಿಂದಿನ ಆ ಮಳೆಗಾಲ ನೆನಪಾಯಿತು. ಹಾಗೆಂದು ಬರೆಯುವುದು ಸುಲಭ. ಆದರೆ ಆ ಮಳೆಗಾಲದಲ್ಲಿ ನನ್ನ ಭಾವನ ಗಾಡಿಯಿಂದ ಈ ವಾಸನೆ ಒಂದು ದಿನವೂ ಬಂದಿರಲಿಲ್ಲ. ವಾಸನೆ ಇದ್ದದ್ದು ನಾನು ಹೇಳಿದ ಸುಳ್ಳಿನಲ್ಲಿ. ಈಗ ಅದು ನೆನಪಿನಲ್ಲೂ ಇದೆ. ಎರಡರ ನಡುವಿನ ಗೋಡೆ ಯಾವಾಗ ಬಿತ್ತೋ ತಿಳಿಯದು.

ನಾನು ಗೂಡಲೂರಿಗೆ ಹೋಗುತ್ತಿದ್ದೆ. ಅಲ್ಲಿ ಸೆಲ್ವಂ ಎಂಬ ಮೆಕ್ಯಾನಿಕ್ ಇದ್ದಾನೆ. ನನ್ನ ಆ ಸುಳ್ಳಿನಿಂದ ಅವನ ಕೈಗೆ ಕೆಟ್ಟ ಹೆಸರು ಬಂದು, ಅವನು ನಮ್ಮೂರು ಬಿಟ್ಟ. ತಪ್ಪು ಅವನದಲ್ಲ, ನನ್ನದು ಎಂದು ಅವನಿಗೆ ಹೇಳಬೇಕಿತ್ತು. ಬಸ್ಸು ಮತ್ತೆ ಹೊರಡುವ ಮೊದಲು, ನಡೆದದ್ದನ್ನು ಮೊದಲಿನಿಂದ ಒಮ್ಮೆ ಜೋಡಿಸಿ ನೋಡಿಕೊಳ್ಳೋಣ ಎಂದು ಕುಳಿತೆ. ಎಷ್ಟು ಸರಿಯಾಗಿ ಜೋಡಿಸಿದೆನೋ, ಗೊತ್ತಿಲ್ಲ.

ಆ ವರ್ಷ ಜೂನ್‌ನಲ್ಲಿ ನಾನು ಮೈಸೂರಿನಲ್ಲಿ ಅರ್ಧ ಬರೆದ ಸಂಶೋಧನಾ ಪ್ರಬಂಧವನ್ನು ಬಿಟ್ಟು ಊಟಿ ಹತ್ತಿರದ ಇತ್ತಲಾರಿನ ಅಕ್ಕನ ಮನೆಗೆ ಬಂದಿದ್ದೆ. ಓದಿದ್ದು ಇತಿಹಾಸ. ನಮ್ಮ ಬಡಗ ಹಟ್ಟಿಗಳ ಹಿರಿಯರು ಹೇಳುವ ಹಳೆಯ ಸಂಗತಿಗಳನ್ನು ಸಂಗ್ರಹಿಸಿ ಬರೆಯುವುದು ನನ್ನ ವಿಷಯ. ಮೂರು ವರ್ಷ ಕೇಳಿದ ಮೇಲೂ ಒಂದೇ ಸಂಗತಿಯನ್ನು ಇಬ್ಬರು ಒಂದೇ ರೀತಿ ಹೇಳಿದ್ದಿಲ್ಲ. ಒಬ್ಬ ಅಜ್ಜ ತನ್ನದೇ ಮದುವೆಯ ಕಥೆಯನ್ನು ಎರಡು ಸಲ ಹೇಳಿ, ಎರಡು ಊರಿನಲ್ಲಿ ಮಾಡಿಸಿದ. ಯಾರ ನೆನಪನ್ನೂ ನಂಬಲಾಗದೆ ಪ್ರಬಂಧ ಬಿಟ್ಟೆ. ಬಿಟ್ಟದ್ದು ಅದಕ್ಕೇನಾ, ಅಥವಾ ಬರೆಯುವುದು ಬೇಸರವಾಗಿತ್ತಾ, ಅದೂ ಈಗ ಸ್ಪಷ್ಟವಿಲ್ಲ.

ಅಕ್ಕ ಗಿರಿಜಾ. ಅವಳ ಗಂಡ ಬೋಜ, ನನಗೆ ಭಾವ. ಐವತ್ತರ ಹತ್ತಿರದ ಮನುಷ್ಯ, ಗಿಡ್ಡ, ಕಿವಿಯವರೆಗೆ ಇಳಿದ ಉಣ್ಣೆಯ ಟೋಪಿ. ವಾರದಲ್ಲಿ ನಾಲ್ಕು ದಿನ ತನ್ನ ಪಿಕಪ್ ಗಾಡಿಯಲ್ಲಿ ಊರವರ ಚಹಾ ಎಲೆಯ ಮೂಟೆಗಳನ್ನು ಫ್ಯಾಕ್ಟರಿಗೆ ಹಾಕುತ್ತಿದ್ದ. ಉಳಿದ ದಿನ ಕೋಸು, ಕ್ಯಾರೆಟ್ ತುಂಬಿಕೊಂಡು ಕಲ್ಲಟ್ಟಿ ಇಳಿದು ಮಸಿನಗುಡಿಯ ಅಂಗಡಿಗಳಿಗೂ ಲಾಡ್ಜುಗಳಿಗೂ ಕೊಡುತ್ತಿದ್ದ. ಮನೆಯಲ್ಲಿ ಹೊಗೆ ಹಿಡಿದ ಒದ್ದೆ ಬಟ್ಟೆಗಳ ನಡುವೆ ಕೂತು ಕೂತು ಸಾಕಾಗಿ ನಾನೂ ಜೊತೆಗೆ ಹತ್ತತೊಡಗಿದೆ.

ಆ ಗಾಡಿಯಲ್ಲಿ ಕ್ಯಾಸೆಟ್ ಪ್ಲೇಯರ್ ಇತ್ತು. ಎಲ್ಲರ ಗಾಡಿಯಲ್ಲೂ ಪೆನ್‌ಡ್ರೈವ್ ಬಂದು ಎಷ್ಟೋ ಕಾಲವಾಗಿದ್ದರೂ ಭಾವ ಅದನ್ನು ತೆಗೆಸಿರಲಿಲ್ಲ. ಹಿಂದೆ ಅವನು ಒಂದು ಎಸ್ಟೇಟಿನ ಮ್ಯಾನೇಜರಿಗೆ ಜೀಪು ಓಡಿಸುತ್ತಿದ್ದ. ಮ್ಯಾನೇಜರ್ ನಿವೃತ್ತನಾಗಿ ಹೋಗುವಾಗ ಒಂದು ಮರದ ಪೆಟ್ಟಿಗೆ ತುಂಬ ಕ್ಯಾಸೆಟ್ ಕೊಟ್ಟು ಹೋಗಿದ್ದನಂತೆ. ಎಲ್ಲ ಹಳೆಯ ಇಂಗ್ಲಿಷ್ ರಾಕ್ ಹಾಡುಗಳು. ಅದರಲ್ಲೂ ಭಾವ ಮತ್ತೆ ಮತ್ತೆ ಹಾಕುತ್ತಿದ್ದವು ಗಾಡಿ ಓಡಿಸುವ ಹಾಡುಗಳೇ. ದೊಡ್ಡ ಗಿಟಾರು, ಎಂಜಿನ್ನಿನಂತೆ ಗುದ್ದುವ ಡ್ರಮ್ಮು, ಮುಂದೆ ಕೊನೆಯಿಲ್ಲದ ರಸ್ತೆ, ಇಳಿಸಿದ ಗಾಜು, ಗಾಳಿ. ಭಾವನಿಗೆ ಇಂಗ್ಲಿಷಿನಲ್ಲಿ ಲೀಫು, ಫ್ಯಾಕ್ಟರಿ, ಕ್ಲಚ್ಚು ಬಿಟ್ಟರೆ ಬೇರೆ ಬಾರದು. ಆದರೂ ಹಾಡಿನ ಜೊತೆ ಅಂಗೈಯಿಂದ ಡ್ಯಾಶ್‌ಬೋರ್ಡ್ ಬಡಿಯುತ್ತಿದ್ದ. ಅದು ಆ ಮ್ಯಾನೇಜರಿನಿಂದ ಬಂದ ಅಭ್ಯಾಸ.

"ಗಾಡಿ ಓಡಿಸೋಕ ಹಾಡು ಏಕ? ಹಾಡು ನಿಂತರೆ ಗಾಡಿ ನಿಲ್ಲುತ್ತಾ?" ಎಂದು ಅಕ್ಕ ಕೇಳುತ್ತಿದ್ದಳು.

"ನಿನ್ನ ಬಾಯಿ ನಿಂತರೆ ಈ ಮನೆ ನಡೆಯುತ್ತಾ? ಹಾಗೇ."

ನಮ್ಮ ಬಡಗ ಮಾತನ್ನು ನಾನಿಲ್ಲಿ ಕನ್ನಡದ ಕಡೆಗೆ ಎಳೆದು ಬರೆಯುತ್ತಿದ್ದೇನೆ. ಎಳೆಯುವಾಗ ಭಾವನ ದನಿಯಲ್ಲಿದ್ದ ತಮಾಷೆ ಅರ್ಧ ಉದುರುತ್ತದೆ.

ಮೊದಲ ವಾರವೇ ಅವನು ನನ್ನನ್ನು ಕೆಲಸಕ್ಕೆ ಹಚ್ಚಿದ. "ಓದಿದವ ಅಲ್ಲವಾ ನೀ. ಅಮ ಏನ ಹೇಳ್ತಾನೆ, ಹೇಳು." ಅಮ ಎಂದರೆ ಅವನು, ಹಾಡುವವನು.

"ಏನೂ ಇಲ್ಲ ಭಾವ. ಗಾಡಿ ಓಡಿಸ್ತಿದ್ದಾನಂತೆ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ಮನೆ."

"ಲೋಡ್ ಏನ?"

"ಲೋಡ್ ಇಲ್ಲ."

"ಲೋಡ್ ಇಲ್ಲದೆ ಡೀಸೆಲ್ ಸುಡ್ತಾನಾ? ವಾಪಸ್ ಬರುವಾಗಾದರೂ ಏನಾದರೂ ತರ್ತಾನಾ?"

"ವಾಪಸ್ ಬರೋದೇ ಇಲ್ಲ ಅಂತಾನೆ."

ಭಾವ ಗೇರು ಇಳಿಸಿ ಎರಡು ತಿರುವು ದಾಟಿಸಿದ. ಆಮೇಲೆ ಕೇಳಿದ: "ಅಮನ ರಸ್ತೆಯಲ್ಲಿ ತಿರುವೇ ಇಲ್ಲೆಯಾ?"

"ಹಾಡಿನಲ್ಲಿ ಇಲ್ಲ. ಬಯಲು ದೇಶ. ಇವೆಲ್ಲ ಸುಳ್ಳು ಭಾವ. ಸ್ಟುಡಿಯೋದಲ್ಲಿ ಕೂತು ಹಾಡಿದ್ದು. ಹಾಡಿದವನಿಗೆ ಗಾಡಿ ಓಡಿಸೋಕೆ ಬರ್ತಿತ್ತೋ ಇಲ್ಲವೋ."

"ಇರಲಿ. ತಿರುವಿಲ್ಲದ ರಸ್ತೆಯಲ್ಲಿ ಡ್ರೈವರಿಗೆ ಏನ ಕೆಲಸ?" ಎಂದವನು ಸ್ವಲ್ಪ ಹೊತ್ತಿಗೆ ತಾನೇ ನಕ್ಕ. "ನೋಡೋದು. ಅಷ್ಟೇ ಕೆಲಸ."

ಕಲ್ಲಟ್ಟಿ ಇಳಿಯಲು ನಮ್ಮವರದೊಂದು ಕ್ರಮವಿದೆ. ಮೊದಲ ಗೇರು, ಎರಡನೆಯ ಗೇರು, ಅಷ್ಟೇ. ಗಾಡಿಯ ಭಾರವನ್ನು ಎಂಜಿನ್ನೇ ಹಿಡಿದುಕೊಳ್ಳಬೇಕು. ಬ್ರೇಕಿಗೆ ಕಾಲು ತಗುಲಿಸುವುದು ನಾಚಿಕೆಯ ವಿಷಯ. ಮಸಿನಗುಡಿಗೆ ಇಳಿದ ಮೇಲೆ ಡ್ರೈವರುಗಳು ಒಬ್ಬರ ಗಾಡಿಯ ಹತ್ತಿರ ಇನ್ನೊಬ್ಬರು ಹೋಗಿ, ಊಟ ಆಯಿತಾ ಎಂದು ಕೇಳುವಷ್ಟು ಸಹಜವಾಗಿ, ಚಕ್ರದ ನಡುವೆ ಅಂಗೈ ಇಡುತ್ತಿದ್ದರು. ಬಿಸಿ ಇದ್ದರೆ "ಅಡುಗೆ ಆಗಿದೆ, ಬನ್ರೋ" ಎಂದು ಇಡೀ ಬೀದಿಗೆ ಸಾರುತ್ತಿದ್ದರು. ಭಾವನ ಚಕ್ರಕ್ಕೆ ಯಾರೂ ಕೈ ಇಡುತ್ತಿರಲಿಲ್ಲ. ಇಟ್ಟು ನೋಡುವ ಅಗತ್ಯ ಇರಲಿಲ್ಲ.

ಜುಲೈನಲ್ಲಿ ಮಳೆ ಜೋರಾಯಿತು. ಕುಂದಾ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತದೆ ನಮ್ಮಲ್ಲಿ. ಒಂದು ಮಧ್ಯಾಹ್ನ ಗಾಡಿಯಲ್ಲಿ ಪೇರು ಹಣ್ಣು ಕತ್ತರಿಸಿ ಒಂದು ಹೋಳನ್ನು ಭಾವನ ಎಡಗೆನ್ನೆಯ ಹತ್ತಿರ ಹಿಡಿದೆ. ತೆಗೆದುಕೊಳ್ಳಲಿಲ್ಲ. ಹಾಡಿನಲ್ಲಿ ಮುಳುಗಿದ್ದಾನೆ ಎಂದು ಹಾಗೇ ಹಿಡಿದಿದ್ದೆ. ಎಷ್ಟು ಹೊತ್ತು? ಮೂರು ತಿರುವಿನಷ್ಟು ಎಂದು ಹೇಳಿಕೊಂಡು ಬಂದಿದ್ದೇನೆ, ಒಂದೇ ಇರಬಹುದು. ಕೊನೆಗೆ ಕೈಯನ್ನು ಅವನ ಮುಖದ ನೇರಕ್ಕೆ ತಂದಾಗ ಬೆಚ್ಚಿಬಿದ್ದ.

"ಎಲ್ಲಿತ್ತು ಇದು?"

"ಇಲ್ಲೇ. ನಿನ್ನ ಕೆನ್ನೆ ಹತ್ತಿರ."

ಅವನು ಗಾಡಿಯನ್ನು ಬದಿಗೆ ನಿಲ್ಲಿಸಿದ. ಪೆಟ್ಟಿಗೆಯಿಂದ ಒಂದು ಕ್ಯಾಸೆಟ್ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟ. ಅದರಲ್ಲಿ ಕ್ಯಾಸೆಟ್ ಇರಲಿಲ್ಲ; ಕಣ್ಣಿಗೆ ಬಿಡುವ ಮದ್ದಿನ ಸಣ್ಣ ಸೀಸೆ ಇತ್ತು. ಕೊಯಮತ್ತೂರಿಗೆ ಒಬ್ಬನೇ ಹೋಗಿ ತೋರಿಸಿಕೊಂಡು ಬಂದಿದ್ದನಂತೆ. ಕಣ್ಣಿನೊಳಗಿನ ಒತ್ತಡ, ಹೋದ ನೋಟ ಬರುವುದಿಲ್ಲ, ಇರುವುದನ್ನು ಮದ್ದು ಹಾಕಿ ಉಳಿಸಿಕೋ ಎಂದಿದ್ದಾರೆ. ಎದುರಿನದು ಚೆನ್ನಾಗಿಯೇ ಕಾಣುತ್ತದೆ, ಬದಿಯದು ಇಲ್ಲ. ನೀರಿನ ಪೈಪಿನೊಳಗಿಂದ ನೋಡಿದ ಹಾಗೆ, ಎಂದ.

"ಅಕ್ಕನಿಗೆ?"

"ಹೇಳಬೇಡ. ಡಿಸೆಂಬರ್ ಮುಗಿಯಲಿ, ಹೆತ್ತೆ ಹಬ್ಬಕ್ಕ ಸ್ಟೀರಿಂಗ್ ಬಿಡ್ತೆ. ಅಲ್ಲಿತನಕ ನೀ ಬದಿ ನೋಡು, ನಾ ಎದುರು ನೋಡ್ತೆ. ಇಬ್ಬರೂ ಸೇರಿ ಒಬ್ಬ ಡ್ರೈವರ್."

"ಬಿಟ್ಟು ಏನು ಮಾಡ್ತೀಯ ಭಾವ?"

"ಏನ ಮಾಡೋದು? ಕೂರೋದು. ಎಲೆ ಕೀಳೋಕ ಎನ್ನ ಕೈ ಬರೋದಿಲ್ಲೆ. ಇಪ್ಪತ್ತು ವರ್ಷದಿಂದ ಈ ಕೈಗೆ ಗೊತ್ತಿರೋದು ಇದೊಂದೇ."

ಆ ದಿನವೇ ಅಕ್ಕನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಒಬ್ಬ ವೈದ್ಯನ ಮಾತು ಅಷ್ಟೇ ತಾನೆ, ಇನ್ನೊಬ್ಬರು ಬೇರೆ ಹೇಳಬಹುದು ಎಂದು ವಾದ ಹೂಡಿಕೊಂಡೆ. ಎಲ್ಲವನ್ನೂ ಅನುಮಾನಿಸುವ ವಿದ್ಯೆ ಕಲಿತವನಿಗೆ ಇದೊಂದು ಅನುಕೂಲ: ಬೇಡದ ಸತ್ಯವನ್ನೂ ಅನುಮಾನಿಸಬಹುದು. ಅದೂ ಅಲ್ಲದೆ, ವರ್ಷಗಳ ನಂತರ ನಾನು ಒಬ್ಬರ ಉಪಯೋಗಕ್ಕೆ ಬರುತ್ತಿದ್ದೆ. ಇದನ್ನು ಒಪ್ಪಿಕೊಳ್ಳುವುದು ಕಷ್ಟ.

ಹೀಗೆ ನಾನು ಬದಿ ಹೇಳತೊಡಗಿದೆ. "ಬಲಕ್ಕೆ ಬಸ್ಸು. ಎಡಕ್ಕೆ ಹೆಂಗಸರು, ಮೂವರು. ಕಲ್ಲು." ಕಲ್ಲಟ್ಟಿಯಲ್ಲಿ ತಿರುವುಗಳನ್ನೂ ಹೇಳುತ್ತಿದ್ದೆ. ಅವನು ಆ ತಿರುವುಗಳನ್ನು ಮರ, ಬಂಡೆ, ಹಳೇ ಅಪಘಾತಗಳ ಹೆಸರಿನಿಂದ ಕರೆಯುತ್ತಿದ್ದ. ನನಗೆ ಅವು ಬರುತ್ತಿರಲಿಲ್ಲ. ಪ್ರತಿ ತಿರುವಿಗೂ ಸಂಖ್ಯೆಯ ಬೋರ್ಡು ಇದೆಯಲ್ಲ, ಅದನ್ನು ಓದುತ್ತಿದ್ದೆ. ಬೆಸವಾದರೆ ಒಂದು ಕಡೆ, ಸಮವಾದರೆ ಇನ್ನೊಂದು ಕಡೆ. ಹೆಚ್ಚುಕಡಿಮೆ ಹಾಗೇ ಇತ್ತು ಲೆಕ್ಕ. "ಓದಿದವನಿಗೆ ರಸ್ತೆ ಕಾಣೋದಿಲ್ಲೆ, ಬೋರ್ಡೇ ಕಾಣೋದು" ಎಂದು ಭಾವ ಹಂಗಿಸುತ್ತಿದ್ದ.

ಸೆಪ್ಟೆಂಬರಿನಲ್ಲಿ ಮಳೆ ಒಂದು ವಾರ ಬಿಡುವು ಕೊಟ್ಟಿತು. ಮೋಯಾರ್ ಕಡೆಯ ಒಂದು ಲಾಡ್ಜಿನಿಂದ ಕೋಸು ಬೇಕೆಂದು ಫೋನು ಬಂತು. ಮಸಿನಗುಡಿಯಿಂದ ಮೋಯಾರಿಗೆ ಕಾಡಿನೊಳಗೆ ಹೋಗುವ ರಸ್ತೆ ನಮ್ಮ ಜಿಲ್ಲೆಯ ಮಟ್ಟಿಗೆ ನೇರವೇ ಸರಿ. ಏಳೆಂಟು ಕಿಲೋಮೀಟರು, ಎರಡೂ ಬದಿ ಒಣ ಕಾಡು, ದೂರದಲ್ಲಿ ಬೆಟ್ಟದ ಗೋಡೆ. ಇಂಥ ರಸ್ತೆಯಲ್ಲಿ ಭಾವನ ಕಣ್ಣಿಗೆ ಬೇಕಾದ್ದೆಲ್ಲ ಎದುರಿಗೇ ಇತ್ತು. ಅವನು ಪೆಟ್ಟಿಗೆಯಿಂದ ಕ್ಯಾಸೆಟ್ ಆರಿಸಿ ದನಿ ಪೂರ್ತಿ ಏರಿಸಿದ. ನೂರು ಗಜ ಹೋಗಿರಲಿಲ್ಲ, ಅರಣ್ಯ ಇಲಾಖೆಯ ಕಾವಲುಗಾರ ಬೈಕು ಅಡ್ಡ ನಿಲ್ಲಿಸಿ ಕೈ ತೋರಿಸಿದ.

"ಪಾಟ್ಟು ನಿಲ್ಲಿಸಿ. ಇದು ಆನೆ ಕಾಡು, ಕಲ್ಯಾಣ ಮಂಟಪ ಅಲ್ಲ."

ಭಾವ ಪ್ಲೇಯರ್ ಆರಿಸಿದ. ಬೈಕು ಹೋದ ಮೇಲೂ ಹಾಕಲಿಲ್ಲ. ನೇರ ರಸ್ತೆ ಸಿಕ್ಕಿದ ದಿನ ಹಾಡಿಲ್ಲ. ಅವನ ಮುಖ ನೋಡಲಾಗದೆ ನಾನು ಬಾಯಿಬಿಟ್ಟೆ. ಆ ಹಾಡನ್ನು ನಮ್ಮ ಮಾತಿನಲ್ಲಿ, ಮೆಲ್ಲಗೆ, ರಾಗವಿಲ್ಲದೆ ಹೇಳತೊಡಗಿದೆ. ಬೆಳಗಾಯ್ತು ಅಂತಾನೆ. ಟ್ಯಾಂಕ್ ತುಂಬಿದೆ ಅಂತಾನೆ. ಹಿಂದೆ ಬಿಟ್ಟದ್ದು ಕನ್ನಡಿಯಲ್ಲಿ ಸಣ್ಣದಾಯ್ತು ಅಂತಾನೆ. ಹಾಡಿನಲ್ಲಿ ಇಲ್ಲದ್ದನ್ನೂ ಸೇರಿಸಿದೆ. ರಸ್ತೆ ಬದಿ ಎಲೆ ಕೀಳುವವರು ಕೈ ಬೀಸುತ್ತಾರೆ ಅಂತಾನೆ ಎಂದೆ. "ಅಲ್ಲೂ ಚಹಾ ತೋಟ ಇದೆಯಾ?" ಎಂದು ಭಾವ ಕೇಳಿದ. ಇದೆ ಎಂದೆ. ಅವನು ಗಾಜು ಇಳಿಸಿ ಟೋಪಿ ತೆಗೆದ. ಆ ಟೋಪಿ ಇಲ್ಲದ ಅವನ ತಲೆಯನ್ನು ನಾನು ನೋಡಿದ್ದು ಅದೇ ಮೊದಲು, ಪೂರ್ತಿ ನೆರೆತಿತ್ತು. ಅಂಗೈ ಡ್ಯಾಶ್‌ಬೋರ್ಡ್ ಬಡಿಯುತ್ತಿತ್ತು. ಗಾಡಿ ನಲವತ್ತರ ಮೇಲೆ ಹೋಗಿರಲಿಕ್ಕಿಲ್ಲ.

ನನ್ನ ಮೂವತ್ತೈದು ವರ್ಷಗಳಲ್ಲಿ ಅಷ್ಟು ಹಗುರವಾಗಿ ಕೂತ ಗಳಿಗೆ ಬೇರೆ ಇಲ್ಲ. ಆ ಹಾಡುಗಳನ್ನು ಸುಳ್ಳು ಎಂದವನು ನಾನು. ಬಹುಶಃ ಅಂದು ನಂಬಿದೆ. ನವಿಲುಗಳು ರಸ್ತೆ ದಾಟಿದ್ದೂ ನೆನಪಿದೆ. ಆದರೆ ನವಿಲು ಬೇರೆ ಯಾವುದೋ ದಿನದ್ದಿರಬಹುದು.

ಅಕ್ಟೋಬರಿನಲ್ಲಿ ಮಂಜು ಬಂತು. ಈ ಕಾಲದ ಮಂಜು ಹೊಗೆಯಂತೆ ತೇಲುವುದಿಲ್ಲ, ಹಿಟ್ಟಿನಂತೆ ತುಂಬಿಕೊಳ್ಳುತ್ತದೆ. ಒಂದು ದಿನ ಗಾಡಿಯನ್ನು ಊರಿನ ಕೆಳಗಿದ್ದ ಸೆಲ್ವಂನ ಶೆಡ್ಡಿಗೆ ಒಯ್ದೆವು. ಸೆಲ್ವಂ ನಮ್ಮವನಲ್ಲ, ಅವನ ತಾತ ಸಿಲೋನಿನಿಂದ ಮರಳಿ ಬಂದು ಎಸ್ಟೇಟ್ ಸೇರಿದವನು. ನಮ್ಮ ಸುತ್ತಿನ ಗಾಡಿಗಳೆಲ್ಲ ಅವನ ಕೈಯಲ್ಲೇ ಇದ್ದವು. ಹಿಂದಿನ ಚಕ್ರದ ಬ್ರೇಕಿನ ರಬ್ಬರು ಬದಲಾಯಿಸಿ, ಎಣ್ಣೆಯ ಪೈಪಿನ ಗಾಳಿ ತೆಗೆದು, ಪೆಡಲು ತುಳಿದು ನೋಡಿ ಕೊಟ್ಟ. ನಾನು ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದೆ. "ಬೋಜಣ್ಣನ ಬ್ರೇಕು ಮ್ಯೂಸಿಯಮ್ಮಿಗೆ ಕೊಡಬಹುದು. ಹಾಕಿದ್ದು ಹಾಗೇ ಹೊಸದಾಗಿರುತ್ತೆ" ಎಂದು ಅವನು ನಕ್ಕಿದ್ದು ನೆನಪಿದೆ.

ಮರುದಿನ ಮಧ್ಯಾಹ್ನ ಕಲ್ಲಟ್ಟಿ ಇಳಿದೆವು. ಹತ್ತನೆಯ ತಿರುವು ದಾಟುವಷ್ಟರಲ್ಲಿ ಬಿಳಿ ಗೋಡೆಯೊಳಗೆ ಹೊಕ್ಕಂತಾಯಿತು. ನಿಲ್ಲಿಸೋಣ ಭಾವ ಎಂದೆ. ಎಂದೆನೇ? ಎಂದೆ ಎಂದೇ ಅಂದುಕೊಂಡಿದ್ದೇನೆ. ಅವನು ನಿಲ್ಲಿಸಲಿಲ್ಲ. ಎದುರಿನದು ಕಾಣದ ಮೇಲೆ ಅವನಿಗೆ ಉಳಿದದ್ದು ನನ್ನ ಬಾಯಿ ಮಾತ್ರ. ಬೋರ್ಡುಗಳು ಪಕ್ಕಕ್ಕೆ ಬಂದಾಗಷ್ಟೇ ಕಾಣುತ್ತಿದ್ದವು. ಕಂಡಾಗ ಓದಿದೆ, ಕಾಣದಾಗ ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತರ ಆಚೆ ಒಂದು ಹಾಡು ಶುರುವಾಯಿತು. ನಿಧಾನವಾದದ್ದು, ಆ ಕ್ಯಾಸೆಟ್ಟುಗಳಲ್ಲಿ ಅಪರೂಪ.

"ಇದನ್ನ ನೀ ಒಂದು ದಿನವೂ ಹೇಳಲಿಲ್ಲೆ. ಇದರಲ್ಲಿ ಅಮ ಏನ ಹೇಳ್ತಾನೆ?"

ಹೇಳಿದೆ. ಗಾಡಿ ಓಡಿಸುತ್ತ ಓಡಿಸುತ್ತ ತನಗೆ ಮುಪ್ಪು ಬಂದದ್ದು ತಿಳಿಯಲಿಲ್ಲ ಅಂತಾನೆ ಎಂದೆ. ಒಂದೆರಡು ಸಾಲಿನ ಅರ್ಥ ಸಿಗದೆ ತಡವರಿಸಿದೆ, ಸರಿಯಾದ ಮಾತಿಗೆ ಹುಡುಕಿದೆ. ಮೋಯಾರಿನ ದಿನದ ಹಾಗೆ ಚೆನ್ನಾಗಿ ಹೇಳಬೇಕು ಎಂಬ ಆಸೆಯೂ ಇತ್ತು.

"ಸರಿ. ಮುಂದೆ ಯಾವುದು?" ಎಂದು ಭಾವ ಕೇಳಿದ.

"ಇಪ್ಪತ್ತಮೂರು. ಬಲಕ್ಕೆ. ಇನ್ನೂ ದೂರ ಇದೆ."

ಇಪ್ಪತ್ತಮೂರು ನಾನು ಅರ್ಥ ಹುಡುಕುತ್ತಿದ್ದಾಗಲೇ ಹಿಂದೆ ಹೋಗಿತ್ತು; ಭಾವ ಕೈಯ ಅಭ್ಯಾಸದಿಂದಲೇ ಅದನ್ನು ತಿರುಗಿಸಿದ್ದ. ಮುಂದಿದ್ದದ್ದು ಎಡದ ತಿರುವು, ಅದೂ ದೂರವಿರಲಿಲ್ಲ.

ಅವನು ನನ್ನ ಮಾತನ್ನು ನಂಬಿ ಗಾಡಿಯನ್ನು ಬಲಕ್ಕೆ ತಿರುಗಿಸಿದ. ಬಲಕ್ಕೆ ರಸ್ತೆ ಇರಲಿಲ್ಲ. ಗಾಡಿ ಒಂದು ಸುತ್ತು ಉರುಳಿದಾಗ ನನ್ನ ಬದಿಯ ಬಾಗಿಲು ತೆರೆದು ನಾನು ಲಂಟಾನ ಪೊದೆಯ ಮೇಲೆ ಬಿದ್ದೆ. ಭುಜದ ಮೂಳೆ ಮುರಿಯಿತು. ಗಾಡಿ ಭಾವನೊಂದಿಗೆ ಇನ್ನೂ ಕೆಳಗೆ ಹೋಯಿತು. ಕೆಳಗೆ ಹಾಡು ಇನ್ನೂ ಕೇಳಿಸುತ್ತಿತ್ತು ಎಂದು ಮೈಸೂರಿನ ಸ್ನೇಹಿತರಿಗೆ ಒಮ್ಮೆ ಹೇಳಿದ್ದೇನೆ. ಅದು ಕಥೆಗಾಗಿ ಸೇರಿಸಿದ್ದು. ಕೇಳಿಸಿದ್ದು ಕೋಸುಗಳು ಒಂದರ ಹಿಂದೆ ಒಂದು ಉರುಳುವ ಸದ್ದು.

ಮೊದಲು ಓಡಿ ಬಂದವನು ಹಿಂದಿನಿಂದ ಬಂದ ಬಸ್ಸಿನ ಕಂಡಕ್ಟರ್. ಕಲ್ಲಟ್ಟಿಯಲ್ಲಿ ಗಾಡಿ ಬಿದ್ದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ.

"ಬ್ರೇಕಾ?"

"ಬ್ರೇಕ್" ಎಂದೆ.

ನಾನು ಹುಡುಕಿ ಕಟ್ಟಿದ ಸುಳ್ಳಲ್ಲ ಅದು. ಅವನೇ ಕೈಗೆ ಕೊಟ್ಟ ಮಾತು, ನಾನು ಹಿಡಿದುಕೊಂಡೆ. ಆಸ್ಪತ್ರೆಯಲ್ಲಿ ಕೇಳಿದವರಿಗೂ ಪೊಲೀಸರಿಗೂ ಅದನ್ನೇ ಹೇಳಿದೆ. ಗಾಡಿಯನ್ನು ಮೇಲೆತ್ತಿ ನೋಡಿದಾಗ ಬ್ರೇಕಿನ ಪೈಪು ಹರಿದಿತ್ತು. ಬಿದ್ದು ಹರಿಯಿತೋ, ಹರಿದು ಬಿದ್ದಿತೋ, ಹೇಳುವವರು ಯಾರು?

ಆದರೆ ನಾನು ಒಂದು ಸಂಗತಿಯನ್ನು ಮರೆತಿದ್ದೆ. ಬಯಲಿನವನೊಬ್ಬ ಬಿದ್ದಿದ್ದರೆ ಬ್ರೇಕು ಸುಟ್ಟುಕೊಂಡ, ಸತ್ತ ಎಂದು ಮಾತು ಅಲ್ಲಿಗೇ ಮುಗಿಯುತ್ತಿತ್ತು. ಬೋಜನ ವಿಷಯದಲ್ಲಿ ಅದು ಸಾಧ್ಯವಿರಲಿಲ್ಲ. ಭಾವನ ದೇಹ ಅಂಗಳದಲ್ಲಿದ್ದಾಗ ಅಕ್ಕ ನನ್ನ ಮುಖವನ್ನೇ ನೋಡುತ್ತ ಹೇಳಿದಳು: "ಅಮನ ಚಕ್ರ ಎಂದೂ ಬಿಸಿ ಆಗಲಿಲ್ಲೆ. ಬ್ರೇಕ್ ಹೋಗಿದ್ದರೆ ಅದು ಅಮನ ಕಾಲಿನಿಂದ ಅಲ್ಲ." ಸುತ್ತ ನಿಂತಿದ್ದ ಡ್ರೈವರುಗಳು ತಲೆಯಾಡಿಸಿದರು. ಕಾಲಿನಿಂದ ಅಲ್ಲವಾದರೆ ಕೈಯಿಂದ. ಹಿಂದಿನ ದಿನ ಅದಕ್ಕೆ ಕೈ ಹಾಕಿದವನು ಯಾರು? ಯಾರೂ ಹೆಸರು ಹೇಳಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಸೆಲ್ವಂ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದ.

ನಮ್ಮಲ್ಲಿ ಸತ್ತವರ ತಲೆಯ ಬಳಿ ಹಿರಿಯನೊಬ್ಬ ನಿಂತು, ಆ ಜೀವವೂ ಅದರ ಹಿಂದಿನವರೂ ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ. ಪ್ರತಿಯೊಂದಕ್ಕೂ ಸೇರಿದ ಜನ ಅದು ಪಾಪ ಎನ್ನುತ್ತಾರೆ. ಹೇಳಿ ಮುಗಿದರೆ ಸತ್ತವನ ಭಾರ ಇಳಿಯಿತು ಎಂದು ಲೆಕ್ಕ. ಗಡಿಕಲ್ಲು ಸರಿಸಿದ್ದು, ಹಾವನ್ನು ಕೊಂದದ್ದು, ಹೀಗೆ ಸಾಗುವ ಆ ಪಟ್ಟಿಯಲ್ಲಿ ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿಸಿದ್ದೂ ಒಂದು. ಅದನ್ನು ಭಾವನ ತಲೆಯ ಮೇಲೆ ಹೇಳಿದರು. ಎಲ್ಲರ ಜೊತೆ ನಾನೂ ಅದು ಪಾಪ ಎಂದೆ. ನಂಬಿಕೆ ಇಲ್ಲದವನು ನಾನು. ಆದರೂ ನನ್ನ ಪಾಪವನ್ನು ಭಾವ ಹೊತ್ತು ಹೋಗುತ್ತಿರುವುದನ್ನು ಕಣ್ಣಾರೆ ನೋಡುತ್ತ ನಿಂತೆ.

ಸೆಲ್ವಂನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಗಾಡಿ ತರುವುದನ್ನು ನಿಲ್ಲಿಸಿದರು, ಅಷ್ಟೇ. ಹೆತ್ತೆ ಹಬ್ಬದ ಹೊತ್ತಿಗೆ ಶೆಡ್ಡಿನ ತಗಡನ್ನೂ ಬಿಚ್ಚಿಕೊಂಡು ಹೋಗಿದ್ದ. ನಾನು ದಿನವೂ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಆ ಶೆಡ್ಡಿನ ಮುಂದೆ ನಡೆದಾಡುತ್ತಿದ್ದೆ. ನಿಜ ಹೇಳಿದರೆ, ಕಣ್ಣು ಕಾಣದೆ ಊರವರ ಎಲೆ ಹೊತ್ತು ಓಡಾಡಿದವನು ಎಂಬ ಹೆಸರು ಭಾವನಿಗೆ ಬರುತ್ತಿತ್ತು. ಗಂಡ ತನ್ನಿಂದ ಮುಚ್ಚಿಟ್ಟ ಎಂಬ ನೋವು ಅಕ್ಕನಿಗೆ ಉಳಿಯುತ್ತಿತ್ತು. ಭಾವನನ್ನು ಕೊಂದವನು ನಾನು ಎಂದಾಗುತ್ತಿತ್ತು. ಮೂರು ಕಾರಣಗಳಲ್ಲಿ ಬಾಯಿ ಮುಚ್ಚಿಸಿದ್ದು ಮೂರನೆಯದೇ.

ಆಮೇಲೆ ಏಳು ವರ್ಷ. ಊರೂರು ಅಲೆದು ಹಲವು ಕಾಲೇಜುಗಳಲ್ಲಿ ತಾತ್ಕಾಲಿಕ ಕೆಲಸ ಮಾಡಿದೆ. ನಡುವೆ ಎಲ್ಲೋ ಒಂದು ದಿನ, ಭಾವ ಬ್ರೇಕಿನ ಪೆಡಲನ್ನು ಮತ್ತೆ ಮತ್ತೆ ತುಳಿಯುತ್ತಿರುವ ಚಿತ್ರ ನನ್ನೊಳಗೆ ಮೂಡಿತು. ಅದರ ಹಿಂದೆ ವಾಸನೆ. "ಪೆಡಲ್ ಒಳಗ ಹೋಯ್ತು" ಎಂಬ ಅವನ ದನಿ. ಇವು ಯಾವುವೂ ಮೊದಲು ಇರಲಿಲ್ಲ, ಅಥವಾ ಇದ್ದವೇ? ಇನ್ನೊಂದು ಕಡೆ, ಇಪ್ಪತ್ತಮೂರರ ಬೋರ್ಡನ್ನು ಆ ವಾರ ಲಾರಿಯೊಂದು ಬೀಳಿಸಿತ್ತು, ಅದಕ್ಕೇ ನನ್ನ ಲೆಕ್ಕ ತಪ್ಪಿತು ಎಂದೂ ನೆನಪಿತ್ತು. ಇಂದು ಬೆಳಿಗ್ಗೆ ಬಸ್ಸಿನಿಂದ ಕಣ್ಣಿಟ್ಟು ನೋಡಿದೆ. ಆ ಬೋರ್ಡು ಹಳೆಯ ಕಂಬದ ಮೇಲೆ, ಹಳೆಯ ಬಣ್ಣದಲ್ಲಿ, ನೆಟ್ಟಗೆ ನಿಂತಿದೆ.

ಕಳೆದ ವಾರ ಅಕ್ಕ ಫೋನಿನಲ್ಲಿ ಹೇಳಿದಳು: "ಆ ಸೆಲ್ವ ಗೂಡಲೂರಲ್ಲಿ ಇದ್ದಾನಂತೆ. ಆ ಕಡೆ ಹೋದರೆ ಕೇಳು, ಏಕ ಹಾಗೆ ಮಾಡಿದ ಎಂದು. ಜಗಳ ಬೇಡ. ಸುಮ್ಮನೆ ಕೇಳು." ಅವಳಿಗೇ ನಿಜ ಹೇಳುವ ಗಳಿಗೆ ಅದಾಗಿತ್ತು. ಆಗಲಿ ಎಂದು ಫೋನು ಇಟ್ಟೆ. ಮೊದಲು ಅವನಿಗೆ, ಆಮೇಲೆ ಇವಳಿಗೆ ಎಂದುಕೊಂಡೆ.

ಗೂಡಲೂರಿನ ಬಸ್ ನಿಲ್ದಾಣದ ಹಿಂದೆ ಜೀಪುಗಳ ರಿಪೇರಿ ಶೆಡ್ಡೊಂದಿತ್ತು. ಬೇರೆಯವರ ಶೆಡ್ಡು, ಸೆಲ್ವಂ ಅಲ್ಲಿ ಕೆಲಸದವನು. ಜೀಪಿನ ಕೆಳಗಿನಿಂದ ಹೊರಗೆ ಸರಿದು ಬಂದವನು ನನ್ನನ್ನು ಕೂಡಲೇ ಗುರುತಿಸಿದ. ಕೈ ಒರೆಸಿಕೊಂಡು ಸ್ಟೂಲು ತಂದಿಟ್ಟ, ಚಹಾ ಹೇಳಿದ. ಅವನು ತಮಿಳಿನಲ್ಲಿ, ನಾನೂ ತಮಿಳಿನಲ್ಲಿ ಮಾತಾಡಿದೆವು.

"ಅಕ್ಕ ಚೆನ್ನಾಗಿದ್ದಾರಾ ಸಾರ್?"

"ಇದ್ದಾಳೆ. ಸೆಲ್ವಂ, ನಾನು ಒಂದು ಮಾತು ಹೇಳಬೇಕು. ಅವತ್ತು ಬ್ರೇಕು ಹೋಗಲಿಲ್ಲ. ಭಾವನಿಗೆ ಕಣ್ಣು ಕಾಣುತ್ತಿರಲಿಲ್ಲ. ತಿರುವು ಹೇಳುತ್ತಿದ್ದವನು ನಾನು. ತಪ್ಪಾಗಿ ಹೇಳಿದೆ."

ಏಳು ವರ್ಷ ಹೊತ್ತದ್ದು ನಾಲ್ಕು ವಾಕ್ಯದಲ್ಲಿ ಮುಗಿದುಹೋಯಿತು. ಅವನು ಅಳುತ್ತಾನೋ, ಹೊಡೆಯುತ್ತಾನೋ ಎಂದು ಕಾದೆ. ಅವನು ಮರುಕದಿಂದ ನನ್ನನ್ನು ನೋಡಿದ.

"ಬೇಡ ಸಾರ್. ನೀವು ದೊಡ್ಡ ಮನಸ್ಸು ಮಾಡಿ ಹೇಳ್ತಿದ್ದೀರಿ. ನನಗೆ ಗೊತ್ತು. ಎಡಗಡೆ ಹಿಂದಿನ ಚಕ್ರ. ಗಾಳಿ ತೆಗೆದ ಮೇಲೆ ಎಣ್ಣೆ ಸೋರದ ಹಾಗೆ ಆ ಸ್ಕ್ರೂ ನಾನು ಬಿಗಿ ಮಾಡಲಿಲ್ಲ. ಬೋಜಣ್ಣನ ಜೊತೆ ನಗ್ತಾ ಇದ್ದೆ, ಮರೆತೆ. ಮೊದಮೊದಲು ಮಾಡಿದ್ದೆ, ಮಾಡಿದ್ದೆ ಅಂತ ಹೆಂಡತಿ ಹತ್ತಿರ ಆಣೆ ಹಾಕ್ತಿದ್ದೆ. ಆಮೇಲೆ ಕೂತು ಯೋಚಿಸಿದೆ. ಮಾಡಿಲ್ಲ. ಆ ಸ್ಕ್ರೂ ಸಡಿಲವಾಗಿ ನಿಂತಿರೋದು ಈಗಲೂ ಹಾಗೇ ಕಾಣುತ್ತೆ ನನಗೆ."

"ಭಾವ ಬ್ರೇಕು ತುಳಿಯಲೇ ಇಲ್ಲ ಸೆಲ್ವಂ."

"ಅದು ನಿಮಗೆ ಹೇಗೆ ಗೊತ್ತು ಸಾರ್? ಅವರ ಕಾಲು ನೋಡ್ತಿದ್ದಿರಾ ನೀವು?"

ಮಂಜನ್ನು ನೋಡುತ್ತಿದ್ದೆ, ಹಾಡನ್ನು ಕೇಳುತ್ತಿದ್ದೆ. ಕಾಲನ್ನು ನೋಡಿರಲಿಲ್ಲ. ಆದರೆ ಅವನನ್ನು ಹಾಗೇ ಬಿಟ್ಟು ಏಳಲು ಮನಸ್ಸು ಬರಲಿಲ್ಲ. ಅವನನ್ನು ಹೇಗಾದರೂ ಬಿಡಿಸಬೇಕಿತ್ತು. ಆ ಹಟದಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ನೀನು ಬಿಗಿ ಮಾಡಿದ್ದನ್ನು ನಾನು ನೋಡಿದ್ದೇನೆ. ಬೆಂಚಿನ ಮೇಲೆ ಕೂತಿದ್ದೆನಲ್ಲ. ಪೇಪರಿನಿಂದ ತಲೆ ಎತ್ತಿದಾಗ ನೀನು ಸ್ಪ್ಯಾನರ್ ಹಾಕಿ ಎರಡು ಸಲ ತಿರುಗಿಸಿದೆ. ನನ್ನ ಕಣ್ಣ ಮುಂದೆ ಇದೆ."

ಅವನ ಮುಖದಲ್ಲಿ ಏನೋ ಅಲುಗಿತು. ಸ್ಟೂಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. "ನಿಜವಾಗಲೂ ನೋಡಿದಿರಾ ಸಾರ್?"

"ನೋಡಿದೆ."

"ಹೇಗೆ ತಿರುಗಿಸಿದೆ? ತೋರಿಸಿ."

ನಾನು ಬಲಗೈ ಮುಷ್ಟಿ ಹಿಡಿದು, ಎರಡು ಸಲ ತಿರುಗಿಸಿ ತೋರಿಸಿದೆ.

ಅವನು ನನ್ನ ಮುಷ್ಟಿಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ನಿಂತ. "ಚಹಾ ಆರುತ್ತೆ, ಕುಡೀರಿ ಸಾರ್" ಎಂದ. "ಇಷ್ಟು ದೂರ ಬಂದಿರಲ್ಲ, ಅದೇ ಸಾಕು. ಅಕ್ಕನಿಗೆ ಹೇಳಿ, ಸೆಲ್ವಂ ಒಪ್ಪಿಕೊಂಡ ಅಂತ."

ನೆಲದ ಮೇಲಿದ್ದ ಸ್ಪ್ಯಾನರನ್ನು ಎಡಗೈಯಿಂದ ಎತ್ತಿಕೊಂಡು ಅವನು ಜೀಪಿನ ಕೆಳಗೆ ಸರಿದ. ನಟ್ಟಿಗೆ ಹಾಕಿ, ನಾನು ತೋರಿಸಿದ ಬಲಗೈಯಿಂದಲ್ಲ, ಎಡಗೈಯಿಂದಲೇ ಬಿಗಿ ಮಾಡತೊಡಗಿದ. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಬೆರಳಿಟ್ಟು ನೋಡಿ, ಮತ್ತೆ ಒಮ್ಮೆ.